ಕಳಿಸಲು ಮರೆತ ತಿದ್ದುಪಡಿ

ಹೆಸರಿದೆ, ಒಳಗೆ ಏನೂ ಇಲ್ಲ — ಹೊಸ ಕಂಪ್ಯೂಟರಿನ ಪರದೆಯ ಮೇಲೆ ಹಳದಿ ಫೋಲ್ಡರು, ಒತ್ತಿದಳು, ಮತ್ತೆ ಒತ್ತಿದಳು, ಖಾಲಿ, ಇದೇನಪ್ಪ ಗ್ರಹಚಾರ, ಇಡೀ ಪ್ರಾಜೆಕ್ಟು ಸರ್ವರಿನಿಂದ ಇಳಿದು ಬಂದಿದೆ, ಇದೊಂದು ಬಿಟ್ಟು, ಇದೊಂದೇ ತಮ್ಮದಲ್ಲ, ಹೊರಗಿನ ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಕೊಟ್ಟ ಕೋಡಿನ ಕಟ್ಟು, ಲೈಬ್ರರಿ ಅನ್ನುತ್ತಾರೆ, ಎಳೆಗೂಸುಗಳ ಉಸಿರನ್ನು ಅಳೆಯುವುದು, ಉಸಿರು ನಿಂತರೆ ಮಾತ್ರ ಆಸ್ಪತ್ರೆಯಲ್ಲಿ ಕೂಸಿನ ಪಕ್ಕದ ಮಿಷನ್ನು ಕೂಗಬೇಕು, ಆದರೆ ಕೂಸು ಕಾಲಾಡಿಸಿದರೂ ಕೂಗುತ್ತಿತ್ತು, ಅದನ್ನೇ ಅಲ್ಲವೇ ಅವಳು ಕಣ್ಣು ಉರಿಯುವ ತನಕ ಕೂತು ತಿದ್ದಿದ್ದು. ಹೋದ ವಾರ ತಮ್ಮನ ಮಗುವನ್ನು ನೋಡಲು ಹೋದಾಗ, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಅಂಗೈಯಗಲ ಮುಖ, ಪಕ್ಕದಲ್ಲಿ ಇವರದೇ ಕಂಪನಿಯ ಮಿಷನ್ನು ಕೆಂಪು ದೀಪ ಹೊತ್ತಿಸಿ ಕೂಗಿತ್ತು, ಸುಮ್ಮನೆ, ಏನೂ ಆಗದೆ, ನರ್ಸಮ್ಮ ಹೆಬ್ಬೆರಳಿನಿಂದ ಗುಂಡಿ ಒತ್ತಿ ಸದ್ದು ಅಡಗಿಸಿದ್ದಳು, ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು, ಏನ್ಮಾಡೋದಮ್ಮ, ದಿನವಿಡೀ ಸುಮ್‌ಸುಮ್ನೆ ಬಡ್ಕೊಳ್ಳತ್ತೆ, ಎಷ್ಟೂಂತ ಓಡೋದು ನಾವು, ಗುಂಡಿ ಒತ್ತಿಬಿಟ್ರೆ ಎಲ್ರಿಗೂ ನೆಮ್ಮದಿ. ತಮ್ಮ ಅವಳ ಮುಖ ನೋಡಿದ್ದ, ಅಕ್ಕಾ, ಇದು ನಿಮ್ ಕಂಪನಿಯೋರೇ ಮಾಡಿದ್ದಲ್ವಾ, ಸರಿ ಮಾಡ್ತೀಯಲ್ಲಾ, ಮಾಡ್ತೀನೋ ಮಾರಾಯ, ಹೊಸ ಸಾಫ್ಟ್‌ವೇರ್ ಬರ್ಲಿ ಸುಮ್ನಿರು.

ಮಾಡಿದಳು, ತನ್ನ ಹಳೆಯ ಕಂಪ್ಯೂಟರಿನಲ್ಲಿ, ಚೆನ್ನಾಗಿ ಓಡಿತು, ಓಡದೇ ಏನು, ತಿದ್ದಿದ್ದು ಅಲ್ಲೇ ಇತ್ತಲ್ಲ — ಪ್ರಾಜೆಕ್ಟಿನೊಳಗೆ ಆ ಲೈಬ್ರರಿ ಇರುವುದಿಲ್ಲ, ಯಾವ ಆವೃತ್ತಿ ಬೇಕು ಎಂಬ ಗುರುತು ಮಾತ್ರ ಇರುತ್ತದೆ, ಗುರುತನ್ನು ಸರ್ವರಿಗೆ ಕಳಿಸಿದ್ದಾಳೆ, ಲೈಬ್ರರಿಯನ್ನು ಬೇರೆಯಾಗಿ ಕಳಿಸಬೇಕಿತ್ತು, ಕಳಿಸಿದೆನೇ, ಇಲ್ಲ, ಅಯ್ಯೋ, ಕಳಿಸಿಲ್ಲ, ಹೊಸ ಮನೆಯ ವಿಳಾಸ ಊರಿಗೆಲ್ಲ ಹೇಳಿ ಸಾಮಾನೆಲ್ಲ ಹಳೇ ಮನೆಯಲ್ಲೇ ಬಿಟ್ಟು ಬಂದ ಹಾಗೆ. ಹಳೇ ಮನೆ ಎಲ್ಲಿದೆ ಈಗ, ಹಳೇ ಕಂಪ್ಯೂಟರನ್ನು ಹೊಸದು ಬಂದ ದಿನವೇ ಕೊಟ್ಟುಬಿಟ್ಟಿದ್ದಳು, ಕೆಳಮಹಡಿಗೆ ಓಡಿದಳು, ಕಂಪ್ಯೂಟರ್ ರಿಪೇರಿಯವನು ಟೀ ಲೋಟ ಕೆಳಗಿಟ್ಟ, ಅಯ್ಯೋ ಮೇಡಂ, ಅವತ್ತೇ ಎಲ್ಲಾ ಒರೆಸಿಬಿಟ್ಟೆ, ಅದ್ರಲ್ಲಿ ಏನೂ ಇಲ್ಲ ಅಂದ್ರಲ್ಲ ನೀವು, ಹೌದು, ಅಂದಿದ್ದಳು, ನಗುನಗುತ್ತಲೇ ಅಂದಿದ್ದಳು. ಮತ್ತೆ ಮೇಲೆ, ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದಾರೆ, ಆಫೀಸೆಲ್ಲ ಅವರನ್ನು ಆಗ್ಲೇಬೇಕು ಸಾಹೇಬರು ಅಂತಲೇ ಕರೆಯುವುದು, ಸಂಜೆಗೆ ಇದು ಆಸ್ಪತ್ರೆಗೆ ಹೋಗ್ಲೇಬೇಕು, ಹಳೇ ಲೈಬ್ರರಿನೇ ಹಾಕಿ ಕಳಿಸಿ, ಹೇಗೂ ಅದು ನಮ್ದಲ್ವಲ್ಲ, ಅದು ಸುಮ್‌ಸುಮ್ನೆ ಕೂಗತ್ತೆ ಸರ್, ಕೂಗ್ಲಿ ಬಿಡ್ರಿ, ಕೂಗದೇ ಇದ್ರೆ ತಾನೇ ತಪ್ಪು. ನೆನಪಿನಿಂದ ಬರೆಯಬಹುದು, ಸಾಲುಗಳು ಬಂದಾವು, ಆದರೆ ಎಷ್ಟು ಹೊತ್ತು ಕಾದು ಕೂಗಬೇಕು ಎಂಬ ಆ ಅಂಕಿ, ಎಷ್ಟೋ ಕೂಸುಗಳ ಉಸಿರಿನ ದಾಖಲೆ ಹಾಕಿ ಹಾಕಿ ಪರೀಕ್ಷಿಸಿ ಹಿಡಿದದ್ದು, ಒಂಚೂರು ಹೆಚ್ಚಾದರೂ ಉಸಿರು ನಿಂತಾಗ ಮಿಷನ್ನು ಬಾಯಿ ಮುಚ್ಚಿಕೊಂಡು ಕೂರುತ್ತದೆ, ಅಂದಾಜಿಗೆ ಹಾಕಲು ಇದೇನು ಅಡುಗೆಗೆ ಉಪ್ಪೇ, ಹಾಳು ತಲೆಯೇ, ನೆನಪಿಸಿಕೊ, ಬಿಳಿ ಪಟ್ಟಿ ನೆನಪಿದೆ, ಟೀ ಲೋಟ ನೆನಪಿದೆ, ಅಂಕಿ ಮಾತ್ರ ಇಲ್ಲ.

ಫೋನು ಮಿನುಗುತ್ತದೆ, ತಮ್ಮ, ಗಾಜಿನ ಆಚೆಯಿಂದ ತೆಗೆದ ಫೋಟೋ, ಮಗು ಮಲಗಿದೆ, ಅಕ್ಕಾ ನಿಮ್ ಮಿಷನ್ನು ಬೆಳಿಗ್ಗೆಯಿಂದ ಒಂದ್ಸಲಾನೂ ಕೂಗಿಲ್ಲ ಕಣೇ, ಹೊಸದು ಹಾಕಿಬಿಟ್ರಾ, ನಿನ್ ಕೈಗೆ ಬಂಗಾರದ ಬಳೆ ತೊಡಿಸ್ಬೇಕು. ಹೊಸದು ಇನ್ನೂ ಹೋಗಿಯೇ ಇಲ್ಲವಲ್ಲೋ, ಹೋಗುವುದೂ ಇಲ್ಲ — ತಮ್ಮನಿಗೆ ಕರೆ ಮಾಡುತ್ತಾಳೆ, ಬಿಜಿ, ಅಮ್ಮನಿಗೆ ಹೇಳುತ್ತಿರಬೇಕು, ಅಕ್ಕ ಸರಿ ಮಾಡಿಬಿಟ್ಟಳು ಅಂತ, ವಾರ್ಡಿಗೆ ಮಾಡುತ್ತಾಳೆ, ರಿಂಗಾಗುತ್ತದೆ, ಆಗುತ್ತಲೇ ಇದೆ, ಯಾರಾದರೂ ಎತ್ತಿ, ಯಾರಾದರೂ, ಫೋಟೋ ದೊಡ್ಡದು ಮಾಡುತ್ತಾಳೆ, ಮಗುವಿನ ಪಕ್ಕ ಮಿಷನ್ನಿನಲ್ಲಿ ಕೆಂಪು ದೀಪ ಉರಿದಿದೆ, ಸದ್ದಿಲ್ಲದೆ, ಅಂಚಿನಲ್ಲಿ ಗುಂಡಿಯ ಮೇಲೆ ಒಂದು ಹೆಬ್ಬೆರಳು, ಬಿಳಿ ಪಟ್ಟಿ ಸುತ್ತಿದ ಹೆಬ್ಬೆರಳು, ಆ ಹೆಬ್ಬೆರಳು —