ನಿಂಬೆಹಣ್ಣು ಮತ್ತು ಮೂರೂವರೆ ಸಾವಿರ

ಹರಿಪ್ರಿಯಾ ಬ್ರೇಕಿನಿಂದ ಕಾಲು ತೆಗೆದಳು. ಕಾರು ನಾಲ್ಕೂ ಚಕ್ರಗಳ ಮುಂದಿದ್ದ ನಿಂಬೆಹಣ್ಣುಗಳನ್ನು ಮೂಸಿ ನೋಡಿದಂತೆ ಮಾಡಿ ಅಲ್ಲೇ ನಿಂತಿತು.

“ಹತ್ತಲ್ಲ ಅಂತಿದೆ ನೋಡು,” ಎಂದರು ಪಕ್ಕದಲ್ಲಿ ಕುಳಿತಿದ್ದ ಅತ್ತೆ ಜಯಲಕ್ಷ್ಮೀ.

“ಸ್ವಲ್ಪ ಒತ್ತಬೇಕು ಅತ್ತೆ.”

ಒತ್ತಿದಳು. ಎಂಜಿನ್ ಕೂಗಿತು, ಕಾರು ಕದಲಲಿಲ್ಲ. ಇನ್ನಷ್ಟು ಒತ್ತಿದಳು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಮೂರೂವರೆ ಸಾವಿರ ಮುಟ್ಟಿತು. ವಡಪಳನಿಯ ಆ ಓಣಿ ಇಡೀ ಹಿಂದಕ್ಕೆ ಹಾರಿತು. ಹಿಂದಿನ ಚಕ್ರದಡಿಯ ಹಣ್ಣು ಗುಂಡಿನಂತೆ ಹೊರಟು ಚಹದಂಗಡಿಯ ಬಳಿಯಿದ್ದ ಗಂಡ ತಿರುಮಲನ ಅಂಗಿಗೆ ಬಡಿದು ಒಡೆಯಿತು.

ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿ ಕೂತಿರುವ ಟಾರ್ಕ್ ಕನ್ವರ್ಟರಿನದೇ ಈ ಕರಾಮತ್ತು. ಬಿಗಿಯಾದದ್ದಾದರೆ ಕಾರು ಸಾಧುವಾಗಿ ತೆವಳುತ್ತದೆ. ಸಡಿಲದ್ದು ಎಂಜಿನ್ ಬಲ ತುಂಬಿಕೊಳ್ಳುವವರೆಗೂ ಕಾಯ್ದು, ಆಮೇಲೆ ಒದೆಯುತ್ತದೆ. ಬಿಗಿಯಾದದ್ದನ್ನು ನಂಬಿ ಹರಿಪ್ರಿಯಾ ಕಳೆದ ಡ್ರ್ಯಾಗ್ ರೇಸಿನ ನೇರ ಓಟದಲ್ಲಿ ಹೊರಡುವಾಗಲೇ ಸೋತಿದ್ದಳು. ಮುಂದಿನದನ್ನು ಗೆಲ್ಲಲೇಬೇಕು. ಅದಕ್ಕೇ ಮೆಕ್ಯಾನಿಕ್ ಬಾಬು ಒಂದು ಸಡಿಲದ್ದನ್ನು ಪರೀಕ್ಷೆಗೆಂದು ಕೂರಿಸಿದ್ದ. ಒಪ್ಪಿದರೆ ಅದೇ ಅಳತೆಯದನ್ನು ಇವಳ ಕಾರಿಗೆಂದೇ ಮಾಡಿಕೊಡುವವನಿದ್ದ. ಆದರೆ ಮನೆಗಿರುವುದು ಇದೊಂದೇ ಕಾರು. ನಿಂಬೆಹಣ್ಣಿನ ಮೇಲೆ ಮೆತ್ತಗೆ ಹಾಯದಿದ್ದರೆ ಬಿಚ್ಚಿಸಬೇಕು ಎಂದು ಅತ್ತೆ ಮೊದಲೇ ಷರತ್ತು ಹಾಕಿದ್ದರು.

ತಿರುಮಲ ಅಂಗಿ ಒರೆಸಿಕೊಳ್ಳುತ್ತ ಬಂದ. “ಅಮ್ಮಾ, ಇದು ಪೂಜೆನಾ, ಗೋಲಿಬಾರಾ?”

ಜಯಲಕ್ಷ್ಮೀ ಸೀಟಿಗೆ ಒರಗಿಬಿಟ್ಟಿದ್ದರು. ಕನ್ನಡಕ ಮಡಿಲಿಗೆ ಬಿದ್ದಿತ್ತು. ನಗುತ್ತ, ಉಸಿರಿಗೆ ತಡಕಾಡುತ್ತ ಸೊಸೆಯ ತೋಳು ಹಿಡಿದರು. “ಇನ್ನೊಂದ್ ತಡವೆ ಮಾಡೇ.”

“ಹಣ್ಣೆಲ್ಲ ಹೋಯ್ತು ಅತ್ತೆ.”

“ಹಣ್ಣಿಲ್ದೇನೇ ಮಾಡು.”

ಮಾಡಿದಳು. ಮತ್ತೆ ಮಾಡಿದಳು. ಚಹದಂಗಡಿಯವರು ಲೋಟ ಬಡಿದರು. ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದ ಯಾರೋ ಶಿಳ್ಳೆ ಹಾಕಿದರು. ಎಣ್ಣೆ ಕಾದು ಕಮಟು ವಾಸನೆ ಬಂದಾಗ, ಬದಿಯಲ್ಲಿ ನಿಂತು ನೋಡುತ್ತಿದ್ದ ಬಾಬು ಎರಡೂ ಕೈಯೆತ್ತಿ ಅಡ್ಡ ನಿಂತ.

ಹರಿಪ್ರಿಯಾಳ ನಗು ಇಳಿಯಿತು. ಷರತ್ತಿನಲ್ಲಿ ಸೋತದ್ದು ಎಲ್ಲರಿಗೂ ಕಂಡಿತ್ತು.

ಅವಳ ಮುಖ ನೋಡಿ ಬಾಬು ತಮಿಳಿನಲ್ಲಿ ಸಮಾಧಾನ ಹೇಳಿದ: ಮುಳ್ಳು ಎರಡು ಸಾವಿರದ ಎಂಟುನೂರು ಮುಟ್ಟಿದಾಗಲೇ ಹಿಡಿಯುವಂಥದು ಮಾಡಿಕೊಡುತ್ತೇನೆ, ರೇಸಿನಲ್ಲೂ ಒಂದು ಮಟ್ಟಿಗೆ ನಡೆಯುತ್ತದೆ, ಟ್ರಾಫಿಕ್ಕಿನಲ್ಲೂ ಒಂದು ಮಟ್ಟಿಗೆ.

“ಅದೇ ಸರಿ,” ಎಂದ ತಿರುಮಲ. “ಎಲ್ರಿಗೂ ಒಳ್ಳೇದು.”

ಹರಿಪ್ರಿಯಾ ಹೂಂ ಎಂದು ತಲೆಯಾಡಿಸಲು ಹೊರಟಳು.

ಜಯಲಕ್ಷ್ಮೀ ಕನ್ನಡಕ ಹಾಕಿಕೊಂಡು ಸೀಟ್ ಬೆಲ್ಟ್ ಬಿಗಿದರು.

“ಇದೇ ಇರ್ಲಿ ಬಾಬು. ಅದು ಬೇಡ.”