ನಾಲ್ಕನೆಯ ಗೂಟ

ಹಗ್ಗ ಒದ್ದೆಯಾಗಿದೆ, ಅಂಗೈಗೆ ತಣ್ಣಗೆ ಅಂಟುತ್ತಿದೆ, ಸೆಣಬಿನ ಹಗ್ಗ ನೆನೆದರೆ ಬಿಗಿಯುತ್ತದೆ, ಒಣಗಿದರೆ ಸಡಿಲಾಗುತ್ತದೆ, ಇಷ್ಟು ಓಬೆಡ್‌ಗೆ ಮೂವತ್ತು ವರ್ಷದಿಂದ ಗೊತ್ತು, ಸರ್ಕಸ್ಸಿನಲ್ಲಿ ಹಗ್ಗ ಕಟ್ಟುವವನಿಗೆ ಬೇರೆ ವಿದ್ಯೆ ಏನಿದೆ — ಗ್ರಿಮ್ಸ್‌ಬಿ ಊರಿನ ಚರ್ಚಿನ ಹಿಂದೆ, ಗುಂಡಿಯ ನಾಲ್ಕು ಮೂಲೆಗೆ ಹಗ್ಗ ಹಿಡಿದ ನಾಲ್ಕು ಜನ, ಎದುರಿಗೆ ಕೋಡಂಗಿ ಜೋನಸ್, ಬಣ್ಣ ತೊಳೆದ ಅವನ ಮುಖ ಬೇರೆ ಯಾರದೋ ಅನ್ನುವ ಹಾಗಿದೆ, ನಡುವೆ ಹಲಗೆಯ ಮೇಲೆ ಶವದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕೆಜಾಯಾ. ಗೋಡೆಗೆ ಅಂಟಿಸಿದ ಹಾಳೆಗಳಲ್ಲಿ ಅವಳು ಗಾಳಿಯ ರಾಣಿ, ಮೂವತ್ತಡಿ ಮೇಲೆ ಹಗ್ಗದ ನಡುವೆ ನಿಂತು ಟೀ ಕುಡಿಯುತ್ತಿದ್ದಳು, ನೀನು ಬಿಗಿದ ಹಗ್ಗ ಅಂದ್ರೆ ನಿದ್ದೆಗಣ್ಣಲ್ಲೂ ನಡೀತೀನಿ ಕಣೋ ಮುದುಕ, ಹೆಂಡ್ತಿನೂ ಹಿಂಗೇ ಕಟ್ಟಿಟ್ಕೊಂಡಿದ್ರೆ ಓಡಿಹೋಗ್ತಿರ್ಲಿಲ್ಲ ನೋಡು, ಅಂತ ಅವನನ್ನು ರೇಗಿಸುತ್ತಿದ್ದಳು. ಆ ದಿನ ದೇಶದ ಮಹಾರಾಣಿಯ ಹುಟ್ಟುಹಬ್ಬದ ಆಟ, ಬೆಳಿಗ್ಗೆ ಮಳೆ, ನೆನೆದು ಬಿಗಿದ ಹಗ್ಗ ಗೂಟ ಕೀಳದಿರಲಿ ಎಂದು ಅವಳು ನಡೆಯುವ ಹಗ್ಗದ ಕಂಬವನ್ನು ಹಿಡಿದಿದ್ದ ನಾಲ್ಕೂ ಹಗ್ಗ ಸಡಿಲಿಸಿದ್ದ, ಮಧ್ಯಾಹ್ನ ಬಿಸಿಲು ಬಂತು, ಮತ್ತೆ ಬಿಗಿಯಬೇಕು, ಒಂದು ಬಿಗಿದ, ಎರಡು, ಮೂರು — ಲೋ ಓಬೆಡ್, ಕರಿ ಕುದುರೆ ಕಿತ್ಕೊಂಡಿದೆ, ಬಾರಯ್ಯಾ ಬೇಗ, ಯಜಮಾನ ಪಾರ್ಡೋ ಕೂಗಿದರು, ಓಡಿದ, ಕುದುರೆ ಹಿಡಿದ, ಬಂದ, ಬಂದು ನಾಲ್ಕನೆಯದನ್ನು ಬಿಗಿದನೇ, ಕೈಗೆ ನೆನಪಿಲ್ಲ, ಬ್ಯಾಂಡು ಶುರುವಾಗಿತ್ತು, ಅವಳು ಮೇಲಿದ್ದಳು, ಕಂಬ ವಾಲಿತು, ಅಷ್ಟೆ. ವಿಚಾರಣೆಯಲ್ಲಿ ಅಧಿಕಾರಿ ಹಗ್ಗ ಎಲ್ಲಾ ನೋಡಿದ್ಯೇನಪ್ಪಾ ಎಂದರು, ನೋಡಿದ್ದೆ ಸ್ವಾಮಿ, ಸುಳ್ಳಲ್ಲ, ನೋಡಿದ್ದ, ಬಿಗಿದ್ಯಾ ಎಂದು ಅವರು ಕೇಳಲಿಲ್ಲ, ಗಾಳಿ, ಆಕಸ್ಮಿಕ ಎಂದು ಬರೆದುಕೊಂಡು ಎದ್ದರು. ಆಮೇಲೆ ಮೈದಾನಕ್ಕೆ ಹೋದ, ಹಗ್ಗಗಳೆಲ್ಲ ಬಂಡಿ ಸೇರಿದ್ದವು, ಎಳೆತಕ್ಕೆ ಮೂರು ಗೂಟ ಓರೆಯಾಗಿ ಸುತ್ತ ಮಣ್ಣು ಬಿರಿದಿತ್ತು, ನಾಲ್ಕನೆಯದು ಬಡಿದ ಹಾಗೇ ನೆಟ್ಟಗೆ ನಿಂತಿತ್ತು, ಮಣ್ಣಿನಲ್ಲಿ ಒಂದು ಬಿರುಕಿಲ್ಲ, ಬಿಗಿದ ಹಗ್ಗ ಎಳೆದ ಗುರುತೇ ಇಲ್ಲ. ಇವತ್ತು ಅವಳ ತಾಯಿ ಹಲ್ ಊರಿನಿಂದ ಬಂದು ಅವನ ಕೈ ಹಿಡಿದುಕೊಂಡಳು, ತಲೆ ಕಡೆ ಹಗ್ಗ ನೀನೇ ಹಿಡಿಯಪ್ಪಾ, ಕಾಗದದಲ್ಲೆಲ್ಲ ನಿನ್ನ ಗಂಟಿನ ಮಾತೇ ಬರೀತಿದ್ಳು, ಆಗ ಹೇಳಬೇಕಿತ್ತು, ಬಾಯಿ ತೆರೆದೂ ಇದ್ದ, ಅಷ್ಟರಲ್ಲಿ ಆಕೆ ಕಪ್ಪು ಅರಗು ಒತ್ತಿದ ಕಾಗದದ ಪೊಟ್ಟಣ, ಮಣ್ಣಿಗೆ ಬಂದವರಿಗೆಲ್ಲ ಕೊಡುವ ಬಿಸ್ಕತ್ತು, ಅವನ ಜೇಬಿಗೆ ತುರುಕಿದಳು, ತಿನ್ನಪ್ಪಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಬಿಡ್ರಪ್ಪಾ, ಒಂದೇ ಸಮ ಬಿಡಿ, ಗುಂಡಿ ತೋಡಿದವನ ದನಿ, ಮೂರು ಮೂಲೆ ಇಳಿಯುತ್ತದೆ, ನಾಲ್ಕನೆಯದು ಇಳಿಯುವುದಿಲ್ಲ, ಪೆಟ್ಟಿಗೆ ಓರೆಯಾಗುತ್ತದೆ, ಓಬೆಡಾ, ಸಡಿಲ ಬಿಡೋ, ಏನಾಗಿದೆ ನಿಂಗೆ, ಜೋನಸ್ ಹಲ್ಲು ಕಚ್ಚಿ ಗದರುತ್ತಾನೆ, ಬಿಡಬೇಕು, ಗೊತ್ತು, ಆ ತಾಯಿ ನೋಡುತ್ತಿದ್ದಾಳೆ, ಹೇಳಬೇಕು, ಅದೂ ಗೊತ್ತು, ಆದರೆ ಕೈ ಬಿಗಿಯುತ್ತದೆ, ಇನ್ನೂ ಬಿಗಿಯುತ್ತದೆ, ಈಗ ಬಿಗಿಯುತ್ತದೆ — ಗೂಟ, ನೆಟ್ಟಗೆ ನಿಂತ ಗೂಟ, ಸುತ್ತ ಬಿರುಕಿಲ್ಲದ ಮಣ್ಣು