ಮೋಡದ ಬೆನ್ನಿನ ಕುಂಕುಮ

ಜಯರಾಮ್ ಬೇಸ್‌ಬಾಲ್ ಬ್ಯಾಟು ಹಿಡಿದು ಚಿತ್ರದಂಗಡಿಗೆ ಬಂದಾಗ ಅದರ ಯಜಮಾನ ಶಶಿಧರ, ಹಳೇ ಕಾಲದ ಇಂಗ್ಲಿಷ್ ಚಿತ್ರಕಾರ ಸ್ಟಬ್ಸ್‌ನ ಕುದುರೆ ಚಿತ್ರದ ಗಾಜು ಒರೆಸುತ್ತಿದ್ದ. ಬ್ಯಾಟು ಕಾಣಲಿಲ್ಲ ಅಂತಲ್ಲ. ಸ್ಟಬ್ಸ್‌ನ ಮುಂದೆ ನಿಂತರೆ ಅವನಿಗೆ ಬೇರೇನೂ ತಲೆಗೆ ಹೋಗುವುದಿಲ್ಲ, ಅಷ್ಟೇ.

"ಬರ್ರಿ, ಛಲೋ ಟೈಮಿಗೆ ಬಂದ್ರಿ. ಈ ಪುಣ್ಯಾತ್ಮ ಒಂದೂವರಿ ವರ್ಷ ಹಳ್ಳೀ ಮನ್ಯಾಗ ಕುದುರೀ ಹೆಣಾ ತೂಗಹಾಕಿ, ಚರ್ಮಾ ಸುಲದು, ಒಂದೊಂದ ನರಾ ಬಿಡಿಸಿ ಬರಕೊಂಡಾನ್ರಿ. ಅದಕ್ಕ ನೋಡ್ರಿ, ಸಿಂಹ ಬೆನ್ನಿಗೆ ಬಾಯಿ ಹಾಕಿದ್ರ ಕುದುರೀ ಕುತಿಗಿ ಹೆಂಗ..."

ಬ್ಯಾಟು ಕುದುರೆಯ ಕುತ್ತಿಗೆಗೇ ಬಿತ್ತು. ಗಾಜಿನ ಚೂರು ಶಶಿಧರನ ಕೆನ್ನೆ ಸೀಳಿತು.

"ಇನ್ನೂ ಕಥೆ ಹೇಳ್ತೀಯೇನಯ್ಯಾ, ಕಳ್ಳ!" ಅಂದ ಜಯರಾಮ್.

ಮೂಲೆಯಲ್ಲಿ ಥರ್ಮಾಸು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಶಶಿಧರನ ತಾಯಿ ಬಂಗಾರೆವ್ವ ಗಕ್ಕನೆ ಎದ್ದಳು. "ಏ ಜಯರಾಮಾ! ನನ್ನ ಕೈಯಾಗಿನ ಚಕ್ಲಿ ತಿಂದ ಕೈಯಾಗ ಏನೋ ಅದು?"

"ಅಜ್ಜಿ, ನೀವು ಸುಮ್ನಿರಿ. ನಿಮ್ಮ ಮಗ ನನ್ನ ಕುತ್ತಿಗೆ ಕುಯ್ದಿದಾನೆ."

ವಿಷಯ ಇಷ್ಟು. ಎರಡು ವರ್ಷದ ಹಿಂದೆ, ಮಂಡ್ಯದ ಈ ಜಯರಾಮನ ಡಾಟ್‌ಕಾಮ್ ಕಂಪನಿಯ ಷೇರು ಆಕಾಶಕ್ಕೆ ಹಾರಿದ್ದಾಗ, ಅವನು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮೆನ್ಲೋ ಪಾರ್ಕಿನ ಇದೇ ಅಂಗಡಿಯಿಂದ ಎರಡು ಅಂಗೈಯಷ್ಟು ಅಗಲದ ಚಿತ್ರವೊಂದನ್ನು ಕೊಂಡಿದ್ದ. ಕಾಗದದ ಮೇಲೆ ಎಣ್ಣೆಬಣ್ಣ, ಬರೀ ಮೋಡ. ಓಕ್‌ಲ್ಯಾಂಡಿನಲ್ಲಿ ಸತ್ತವರ ಮನೆ ಸಾಮಾನು ಮಾರುವಲ್ಲಿ, ನಾಯಿ ಚಿತ್ರವೊಂದರ ಹಿಂದೆ ಶಶಿಧರನಿಗೆ ಸಿಕ್ಕಿದ್ದು. ಮೋಡಕ್ಕೆ ಹೆಸರಾದ ಹಳೇ ಇಂಗ್ಲಿಷ್ ಚಿತ್ರಕಾರ ಕಾನ್‌ಸ್ಟೇಬಲ್‌ನ ಕೈ ಅಂತ ಶಶಿಧರ ಹಿಡಿದದ್ದು ಬೆನ್ನಿನ ಬರಹದಿಂದ. ಆ ಮನುಷ್ಯ ಮೋಡ ಬರೆದರೆ ಹಿಂದೆ ತಾರೀಕು, ಹೊತ್ತು, ಗಾಳಿಯ ದಿಕ್ಕು ಬರೆದಿಡುತ್ತಿದ್ದ. ಆ ಸಾಲನ್ನು ಶಶಿಧರನೇ ಭೂತಗನ್ನಡಿ ಹಿಡಿದು ಜಯರಾಮನಿಗೆ ಓದಿಸಿದ್ದ: ನೈಋತ್ಯದ ಗಾಳಿ, ಬೆಳಗ್ಗೆ ಹನ್ನೊಂದು, ಆಮೇಲೆ ಮಳೆ.

ಈಗ ಕಂಪನಿ ಬಾಗಿಲು ಹಾಕಿತ್ತು. ಜಯರಾಮನ ಹತ್ತಿರ ಉಳಿದದ್ದು ಆ ಮೋಡ ಒಂದೇ. ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋದ ಹರಾಜಿನವರ ಹತ್ತಿರ ಒಯ್ದರೆ, ಅವರು ಬೆನ್ನು ಬಿಚ್ಚಿ ನೋಡಿ, ಬರಹವೂ ಇಲ್ಲ ಗಿರಹವೂ ಇಲ್ಲ, ಯಾವುದೋ ಕೆಂಪು ಬಣ್ಣ ಬಳಿದಿದೆ, ಬೇಡ ಅಂದುಬಿಟ್ಟರು.

"ತೋರ್ಸಿದ್ದು ಒಂದು, ಪ್ಯಾಕ್ ಮಾಡಿದ್ದು ಇನ್ನೊಂದು. ಒರಿಜಿನಲ್ ಎಲ್ಲಿಟ್ಟಿದೀಯ, ಹೇಳು!"

ಬಾಯಿ ಹೇಳುತ್ತಿತ್ತು, ಬ್ಯಾಟು ಹೊಡೆಯುತ್ತಿತ್ತು. ಹಡಗಿನ ಚಿತ್ರ ಹೋಯಿತು. ದೊಡ್ಡ ಟೋಪಿಯ ಹೆಂಗಸಿನ ಚಿತ್ರ ಹೋಯಿತು. ಆಮೇಲೆ ಬ್ಯಾಟು, ಕಡಲ ಚಿತ್ರಕ್ಕೆ ಹೆಸರಾದ ಟರ್ನರ್‌ನ ಶಿಷ್ಯನೊಬ್ಬ ಬರೆದ ಜಲವರ್ಣದ ಕಡೆ ತಿರುಗಿತು.

"ಅದು ಬ್ಯಾಡ್ರಿ!" ಶಶಿಧರ ಅಡ್ಡ ನಿಂತ. "ಟರ್ನರ್ ಉಗುರಿನಿಂದ ಕಾಗದಾ ಕೆರದು ತೆರೀ ಬಿಳುಪು ತೆಗೀತಿದ್ದ. ಈ ಹುಡುಗ ಅದನ್ನ ಕಲ್ತಾನ, ಇಲ್ಲಿ ನೋಡ್ರಿ, ಉಗುರಿನ ಗುರ್ತು..."

ಪಕ್ಕೆಲುಬಿಗೆ ಏಟು ಬಿತ್ತು. ಉಸಿರು ಸಿಕ್ಕದೆ ಶಶಿಧರ ಮಂಡಿಯೂರಿದ. ಜಯರಾಮ್ ಬಗಲಚೀಲದಿಂದ ಟವೆಲ್ಲು ಸುತ್ತಿದ್ದ ಮೋಡದ ಚಿತ್ರ ತೆಗೆದು ಮೇಜಿನ ಮೇಲೆ ಕುಕ್ಕಿದ. ಬ್ಯಾಟು ಎತ್ತಿದ.

"ನಿಂದೇ ತಾನೇ ಈ ಡೂಪ್ಲಿಕೇಟು? ತಗೋ!"

ಶಶಿಧರ ಯೋಚಿಸಲಿಲ್ಲ. ಬಲಗೈ ಚಾಚಿ ಮೋಡವನ್ನು ಮುಚ್ಚಿದ.

ಮೂಳೆ ಮುರಿದ ಸದ್ದು ಮೂವರಿಗೂ ಕೇಳಿಸಿತು. ಉಂಗುರದ ಬೆರಳು ಹಿಂದಕ್ಕೆ ತಿರುಚಿಕೊಂಡು ನಿಂತಿತ್ತು. ಬಂಗಾರೆವ್ವ ಥರ್ಮಾಸಿನ ಮುಚ್ಚಳ ಕಿತ್ತು ಕುದಿವ ಚಹಾವನ್ನು ಜಯರಾಮನ ಕುತ್ತಿಗೆಗೆ ಎರಚಿದಳು. ಅವನು ಅರಚುತ್ತ ಬಗ್ಗಿದ್ದೇ, ಹುಟ್ಟಿದಾಗಿನಿಂದ ಯಾರ ಮೇಲೂ ಕೈಯೆತ್ತದ ಶಶಿಧರ ಎಡಗೈಯಲ್ಲಿ ಅವನ ಕಾಲರು ಹಿಡಿದು, ತಲೆಯನ್ನು ಗೋಡೆಗೆ ಒಮ್ಮೆ ಬಡಿದ. ಇನ್ನೊಮ್ಮೆ ಬಡಿದ. ಮೂರನೆಯ ಸಲಕ್ಕೆ ಎತ್ತಿದಾಗ ಬಂಗಾರೆವ್ವನೇ ಕೂಗಿದಳು: "ಸಾಕೋ! ಸತ್ತಾನು!"

ಜಯರಾಮ್ ಹುಬ್ಬಿನ ರಕ್ತ ಒರೆಸಿಕೊಳ್ಳುತ್ತ ಗೋಡೆಗೆ ಒರಗಿ ಜಾರಿ ಕೂತ. ಏಟಿಗೆ ಚೌಕಟ್ಟು ಸೀಳಿ ಹಿಂದಿನ ರಟ್ಟು ಕಳಚಿತ್ತು. ಶಶಿಧರ ಎಡಗೈಯಲ್ಲಿ ಕಾಗದ ತಿರುಗಿಸಿದ. ನಡುವೆ ನಿಂಬೆಹಣ್ಣಿನಷ್ಟು ಕೆಂಪು ಕಲೆ.

ಹತ್ತಿರ ಹಿಡಿದು ನೋಡಿದ: ಕುಂಕುಮ. ಹುಬ್ಬಳ್ಳಿಯಲ್ಲಿ ಅವನಪ್ಪ ವಿರೂಪಾಕ್ಷಪ್ಪನದು ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿ. ಯಾವ ಪಟವೂ ಬೆನ್ನಿಗೆ ಕುಂಕುಮ ಇಡದೆ ಹೊಸ್ತಿಲು ದಾಟುತ್ತಿರಲಿಲ್ಲ. ಮಗನೂ ಅದನ್ನು ಬಿಟ್ಟಿರಲಿಲ್ಲ. ನೀರಲ್ಲಿ ಕಲಸಿದ ಕುಂಕುಮ, ಉಂಗುರದ ಬೆರಳು, ರಟ್ಟಿನ ನಟ್ಟನಡುವೆ ಒಂದು ಬೊಟ್ಟು.

"ಜಯರಾಮ್, ಇದನ್ನ ಮನ್ಯಾಗ ಎಲ್ಲಿ ಹಾಕಿದ್ರಿ?"

"ಬಾತ್‌ರೂಮಲ್ಲಿ." ಜಯರಾಮ್ ನರಳಿದ. "ಜಕೂಜಿ ಮೇಲೆ. ಮಲಗಿದ್ರೆ ಆಕಾಶ ಕಾಣ್ಲಿ ಅಂತ."

"ಅಯ್ಯೋ ಶಿವನ! ದಿನಾ ಬಿಸಿನೀರಿನ ಉಗೀ!" ಶಶಿಧರ ಹಣೆ ಚಚ್ಚಿಕೊಂಡ. "ಕುಂಕುಮ ಕರಗಿ ರಟ್ಟಿನಿಂದ ಒಳಗ ಇಳದೈತಿ. ಅಕ್ಷರಾ ಇದರ ಕೆಳಗs ಅದಾವ. ನಾನs ಮುಚ್ಚೀನಿ."

"ಮತ್ತೆ ಕಥೆ," ಅಂದ ಜಯರಾಮ್.

"ಅವ್ವಾ, ಕೆಂಪು ಜಿಲೇಟಿನ್ ಕಾಗದ ಐತೇನು?"

ಬಂಗಾರೆವ್ವ ಏನನ್ನೂ ಎಸೆಯುವವಳಲ್ಲ. ಕಂಪನಿ ಷೇರು ಬಿಟ್ಟ ದಿನ ಇದೇ ಜಯರಾಮ್ ಕಳಿಸಿದ್ದ ಹಣ್ಣಿನ ಬುಟ್ಟಿಗೆ ಸುತ್ತಿದ್ದ ಹಾಳೆಯನ್ನು ಗಣಪತಿ ಅಲಂಕಾರಕ್ಕಂತ ಮಡಚಿಟ್ಟಿದ್ದಳು. ತಂದಳು. ಕೊಡುವಾಗ ಜಯರಾಮನ ಕಾಲನ್ನು ಬೇಕೆಂದೇ ತುಳಿದಳು.

ಶಶಿಧರ ಹಾಳೆಯನ್ನು ಕಲೆಯ ಮೇಲೆ ಹಿಡಿದ. ಕೆಂಪಿನೊಳಗೆ ಕೆಂಪು ಕರಗಿಹೋಯಿತು. ಹಳೆಯ ಶಾಯಿ ಕಪ್ಪಗೆ ಎದ್ದು ಬಂತು.

"ಓದ್ರಿ."

ಜಯರಾಮ್ ತೆವಳಿಕೊಂಡು ಬಂದು ಬಗ್ಗಿದ. ತುಟಿ ಊದಿತ್ತು. ತೊದಲುತ್ತ ಓದಿದ: ನೈಋತ್ಯದ ಗಾಳಿ. ಹನ್ನೊಂದು ಗಂಟೆ. ಆಮೇಲೆ... ಅಲ್ಲಿಗೆ ನಿಂತ. ಅವನ ಹುಬ್ಬಿನ ರಕ್ತದ ಹನಿ ಮೋಡದ ಮೇಲೆ ಬೀಳುವುದರಲ್ಲಿತ್ತು. ಶಶಿಧರ ಅವನ ಮುಖವನ್ನು ಅತ್ತ ತಳ್ಳಿದ.

"ನಾಳೆ ಈ ಕಾಗದ ಹಿಡ್ಕೊಂಡು ಹರಾಜಿನವ್ರ ಹತ್ರ ನಾನs ಬರ್ತೀನಿ. ತಪ್ಪು ನಂದು ಅಂತ ಅವ್ರ ಮುಂದ ಹೇಳ್ತೀನಿ."

"ಸರ್, ಫಸ್ಟು ಹಾಸ್ಪಿಟಲ್ಲು. ನಿಮ್ಮ ಬೆರಳು..."

"ಬೆರಳು ಕಾಯ್ತದ." ಶಶಿಧರನ ಮುಖ ಬಿಳಿಚಿಕೊಂಡಿತ್ತು. "ಮೂವತ್ತೆಂಟು ಚಿತ್ರಾ ಮಾರೀನಿ. ಮೂವತ್ತೆಂಟಕ್ಕೂ ಇದs ಬೆರಳಿಂದ ಬೊಟ್ಟಿಟ್ಟೀನಿ. ಎಲ್ಲಾರಿಗೂ ಫೋನ್ ಹಚ್ಚ್ರಿ, ಉಗೀ ತಾಗೂವಲ್ಲಿ ಇದ್ರ ಇಳಸಾಕ ಹೇಳ್ರಿ. ನನಗ ಕೈ ಇಲ್ಲ, ಮುರದವರು ನೀವು."

ಜಯರಾಮ್ ಬ್ಯಾಟನ್ನು ಕಾಲಿಂದ ಸರಿಸಿ, ಗಾಜಿನ ಚೂರುಗಳ ನಡುವೆ ಕೂತು, ಗಿರಾಕಿಗಳ ಪಟ್ಟಿಯ ಮೊದಲ ನಂಬರು ಒತ್ತಿದ. ಅದು ನೆವಾರ್ಕಿನ ಅಡಿವೆಪ್ಪನದು.

"ಸರ್, ಶಶಿಧರ ಅವ್ರ ಅಂಗಡಿಯಿಂದ. ನಿಮ್ಮ ಪೇಂಟಿಂಗು ಎಲ್ಲಿ ಹಾಕಿದೀರ?" ಆ ಕಡೆಯ ಮಾತು ಕೇಳಿ ಅವನು ಕಣ್ಣು ಮುಚ್ಚಿಕೊಂಡ. "ಅಡುಗೆಮನೇಲಾ? ಒಲೆ ಮೇಲೇನಾ? ಈಗಲೇ ಇಳ್ಸಿ ಸರ್, ದಮ್ಮಯ್ಯ ಅಂತೀನಿ, ಅದರ ಬೆನ್ನಲ್ಲಿ ಜೀವ ಇದೆ."